ಗವಿಮನೆ ಹೋಟೆಲಿನ ನಳ

ಪುಣೆಯಿಂದ ಬಂದ ಗಂಡ ಹೆಂಡತಿ ಕಾರಿನಿಂದ ಇಳಿದವರೇ ಕಲ್ಲಿನ ಖಣಿಯ ಗೋಡೆಗೆ ಕೆನ್ನೆ ಹಚ್ಚಿ, ಕಣ್ಣು ಮುಚ್ಚಿ ನಿಂತುಬಿಟ್ಟರು. ಚಂದಮ್ಮ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬಂದು ನೋಡಿದಳು. ಆ ಕಲ್ಲಿಗೆ ಕೆನ್ನೆ ಹಚ್ಚುವವರನ್ನು ಅವಳು ಹಿಂದೆಯೂ ಕಂಡಿದ್ದಳು. ಜ್ವರ ಬಂದ ಕೂಲಿಗಳು ಹಾಗೆ ಹಚ್ಚುತ್ತಿದ್ದರು. ಇವರಿಗೆ ಜ್ವರ ಬಂದಂತೆ ಕಾಣಲಿಲ್ಲ.

"ಏನ್ ಮಾಡಾಕತ್ತಾರಲೇ ಅವರು?" ಎಂದು ಮಗನನ್ನು ಕೇಳಿದಳು.

"ತಂಪು ಅನುಭವಿಸಾಕತ್ತಾರ ಯವ್ವಾ. ಸುಮ್ಮನ ಇರು," ಎಂದ ಸತೀಶಕುಮಾರ.

"ಮಳಿಗಾಲದಾಗ ಬರ್ರಿ ಅನ್ನು. ಸಾಕು ಸಾಕು ಅನ್ನೂವಷ್ಟು ತಂಪು ಸಿಗ್ತದ."

ನೆಲೋಗಿಯಿಂದ ಅರ್ಧ ತಾಸಿನ ದಾರಿಯ ಆ ಊರಲ್ಲಿ ಖಣಿಗೆ ಹೆಸರೇ ಇರಲಿಲ್ಲ. ನೆಲಕ್ಕೆ ಹಾಸುವ ಫರಸಿ ಕಲ್ಲು ಎತ್ತುವ ಕಾಲದಲ್ಲಿ ಒಂದು ಮಗ್ಗುಲನ್ನು ಕೊರೆದು ಕೊರೆದು ಮೂರು ಗವಿಗಳಾಗಿದ್ದವು. ಗುತ್ತೇದಾರ ಕೂಲಿಗಳನ್ನು ಅದರಲ್ಲೇ ಇಳಿಸುತ್ತಿದ್ದ. ಚಂದಮ್ಮ ಹದಿನಾರಕ್ಕೆ ಮದುವೆಯಾಗಿ ಬಂದು ಗಂಡ ಹುಲೆಪ್ಪನ ಜೊತೆ ಇಳಿದದ್ದು ನಡುವಿನ ಗವಿಗೆ. ಹನ್ನೆರಡು ವರ್ಷ ಅದರಲ್ಲಿ ಬಾಳಿದಳು, ಸತೀಶನನ್ನು ಅದರಲ್ಲೇ ಹೆತ್ತಳು. ಕಲ್ಲು ಮುಗಿದ ಮೇಲೆ ಗುತ್ತೇದಾರ ಹೋದ, ಸರಕಾರ ಆ ಎರಡೆಕರೆ ಕಲ್ಲುಭೂಮಿಯನ್ನು ಹುಲೆಪ್ಪನ ಹೆಸರಿಗೆ ಮಾಡಿಕೊಟ್ಟಿತು. ಉಳುವುದಕ್ಕೆ ಬರುವಂಥ ನೆಲವಾಗಿದ್ದರೆ ಇವರಿಗೆ ಯಾರು ಕೊಡುತ್ತಿದ್ದರು. ಖಣಿಯ ದಂಡೆಗೆ ಎರಡು ಕೋಣೆಯ ಸ್ಲ್ಯಾಬ್ ಮನೆ ಎದ್ದಿತು. ಮುಂದೆ ನೀಲಿ ಬಣ್ಣದ ಕಬ್ಬಿಣದ ಗೇಟು, ಗೇಟಿನ ಪಕ್ಕ ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ನಳ. ಆ ನಳಕ್ಕಾಗಿ ಚಂದಮ್ಮ ಪಂಚಾಯಿತಿ ಬಾಗಿಲಲ್ಲಿ ಹತ್ತೊಂಬತ್ತು ದಿನ ಕೂತಿದ್ದಳು. ಬುತ್ತಿ ಕಟ್ಟಿಕೊಂಡು ಹೋಗಿ ಕೂಡುತ್ತಿದ್ದಳು.

ಸತೀಶ ಗಾಣಗಾಪುರದ ಒಂದು ಲಾಡ್ಜಿನಲ್ಲಿ ಎಂಟು ವರ್ಷ ಮೇಜಿನ ಹಿಂದೆ ಕೂತು, ಮೆಟ್ಟಿಲ ಕೆಳಗೆ ಮಲಗಿ ಬಂದವನು. ಮಂದಿ ಯಾವುದಕ್ಕೆ ದುಡ್ಡು ಕೊಡುತ್ತಾರೆಂಬುದು ತನಗೆ ಗೊತ್ತು ಎನ್ನುತ್ತಿದ್ದ. ಮೂರು ಗವಿಗೂ ಮಣ್ಣು ಮೆತ್ತಿಸಿ, ಸೆಗಣಿ ಸಾರಿಸಿ, ಹೊರಸು ಹಾಕಿ, ಲಾಟೀನು ತೂಗಿಬಿಟ್ಟು 'ಗವಿಮನೆ' ಎಂದು ಹಲಗೆ ಹಾಕಿದ. ಲಾಟೀನಿನ ಒಳಗೆ ಕರೆಂಟಿನ ಬಲ್ಬು. ಫ್ಯಾನು ಬಿದಿರ ಬುಟ್ಟಿಯ ಹಿಂದೆ. ಸ್ವಿಚ್ಚಿನ ಬೋರ್ಡು ಮೊರದ ಹಿಂದೆ. ಬಿಳಿ ಕಮೋಡು ತಡಿಕೆಯ ಹಿಂದೆ.

"ಕರೆಂಟ್ ಬೇಕು, ಕಣ್ಣಿಗೆ ಬೀಳಬಾರದು. ಕಕ್ಕಸ ಬೇಕು, ಅದೂ ಕಣ್ಣಿಗೆ ಬೀಳಬಾರದು," ಎಂದಳು ಚಂದಮ್ಮ ಸೊಸೆಗೆ. "ಇವರು ಬಡವರ ಆಟ ಆಡಾಕ ಬಂದಾರ ನೋಡು. ಬೆಳಕು ಹರಿಯೂದರಾಗ ಚಂಬು ಹಿಡಕೊಂಡು ಜಾಲಿ ಮರಿಗೆ ಹೋಗಂದ್ರ ಆಟ ಮುಗೀತದ."

ಸೊಸೆ ಮಹಾನಂದಾ ನಕ್ಕಳು, ಆದರೆ ನಗುವಿನ ಜೊತೆಗೇ ಕೆಮ್ಮು ಬಂತು. ಊರ ಅಂಗನವಾಡಿಯಲ್ಲಿ ಟೀಚರು ಆಕೆ. ನಾಲ್ಕಕ್ಕೆ ಮನೆಗೆ ಬಂದವಳೇ ಇಳಕಲ್ ಸೀರೆ ಉಟ್ಟು, ಎಂದೂ ಇಡದ ಮೂಗುತಿ ಇಟ್ಟು, ಅಂಗಳದ ಕಟ್ಟಿಗೆ ಒಲೆಯ ಮುಂದೆ ಕೂಡಬೇಕಿತ್ತು. ಗ್ಯಾಸಿನ ಸಿಲಿಂಡರನ್ನು ಸತೀಶ ಮಲಗುವ ಕೋಣೆಗೆ ಒಯ್ದು ಚಾದರ ಹೊದಿಸಿಬಿಟ್ಟಿದ್ದ.

"ರೀ, ಹೊಗಿ ನನ್ನ ಎದಿಗೆ ಆಗಂಗಿಲ್ಲ," ಎಂದಳು ಮಹಾನಂದಾ ಒಂದು ಸಂಜೆ.

"ಹೊಗಿ ವಾಸನಿ ಇದ್ರನ ರೊಟ್ಟಿಗೆ ಬೆಲಿ," ಎಂದ ಸತೀಶ. "ನಾಕು ತಿಂಗಳು ತಡಕೊ."

"ನೀ ಕೂಡ ಒಲಿ ಮುಂದ," ಎಂದಳು ಚಂದಮ್ಮ. "ಧೋತರ ಉಟ್ಟು ರೊಟ್ಟಿ ಬಡಿ. ನಿನ್ನ ಫೋಟೋನೂ ಹಿಡೀತಾರ."

ಹುಲೆಪ್ಪನಿಗೆ ಮಾತ್ರ ಈ ಹೋಟೆಲು ಹೇಳಿ ಮಾಡಿಸಿದಂತಿತ್ತು. ಮೊಣಕಾಲು ಹಿಡಿದ ಮೇಲೆ ಮೂಲೆಯಲ್ಲಿ ಕೂತಿದ್ದವನಿಗೆ ಮಗ ಗುಲಾಬಿ ರುಮಾಲು ತಂದುಕೊಟ್ಟಿದ್ದ. ಹತ್ತು ಮೊಳದ ಆ ರುಮಾಲು ಸುತ್ತಿ ಗವಿಯ ಬಾಯಲ್ಲಿ ಕೂತು, ಇಲ್ಲಿ ಒಬ್ಬ ಋಷಿ ತಪಸ್ಸು ಮಾಡಿದ್ದ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಮೊದಲ ವಾರ ಋಷಿ ಏಳು ವರ್ಷ ತಪಸ್ಸು ಮಾಡಿದ. ಮೂರನೇ ವಾರಕ್ಕೆ ನೂರು ವರ್ಷ ಮಾಡಿದ.

"ಯಾವ ಋಷಿ?" ಚಂದಮ್ಮ ಅವನ ಮುಂದೆ ಚಹಾದ ಬಟ್ಟಲು ಕುಕ್ಕಿದಳು. "ಅಲ್ಲಿ ಗುತ್ತೇದಾರನ ಬೈಗಳ ತಿಂದಾಂವ ನೀ. ನಾಚಿಕಿ ಅನ್ನೂದು ಅದ ಏನಿಲ್ಲ ನಿನಗ?"

"ಬೈಗಳ ಕಥಿ ಕೇಳಾಕ ಯಾರು ಬರ್ತಾರ ಬೇ," ಎಂದ ಹುಲೆಪ್ಪ.

ದೀಪಾವಳಿ ಕಳೆದ ಮೇಲೆ ಕಲಬುರಗಿಯಿಂದ ಅಜಯಕುಮಾರ ಬಂದ. ಫೋನಿನಲ್ಲಿ ಗವಿಮನೆಯ ಪ್ರಚಾರ ನೋಡಿಕೊಳ್ಳುವವನು. ಚಳಿಗಾಲ ಪೂರ್ತಿ ತಂಡ ತಂಡವಾಗಿ ಮಂದಿ ಕಳಿಸುವುದಾಗಿ ಮಾತು ಕೊಟ್ಟಿದ್ದ. ಅಂಗಳದಲ್ಲಿ ನಿಂತು ಎರಡೂ ಕೈಯ ಬೆರಳು ಕೂಡಿಸಿ ಚೌಕಟ್ಟು ಮಾಡಿ, ಅದರ ಕಿಂಡಿಯಲ್ಲಿ ಮನೆ ನೋಡಿದ.

"ಅಮ್ಮಾರ, ನಿಮ್ಮ ಮನಿ ಚೊಲೊ ಅದರಿ," ಎಂದ. "ಆದರ ಫೋಟೋದಾಗ ಬರಬಾರದು. ಗೇಟಿಗೆ ಮಣ್ಣಿನ ಬಣ್ಣ ಹೊಡಸ್ರಿ. ಆ ನೀಲಿ ಹಳ್ಳಿ ಕಳಾ ಕೆಡಸ್ತದ."

"ಹಳ್ಳ್ಯಾಗ ನೀಲಿ ಇರಬಾರದು ಅಂತ ನಿನಗ ಯಾರು ಹೇಳಿದ್ರು ತಮ್ಮಾ? ನಮ್ಮ ಓಣಿ ತುಂಬ ನೀಲಿನ ಅದ, ಅದು ಹಳ್ಳ್ಯಾಗ ಇಲ್ಲೇನು?"

ಅವನು ನಕ್ಕು ನಳದ ಕಡೆ ತಿರುಗಿದ. "ಇದು ಮಾತ್ರ ಇಲ್ಲಿ ಬ್ಯಾಡರಿ. ಒಡದು ಮನಿ ಹಿಂದ ಹಾಕಸ್ರಿ. ಬಂದ ಮಂದಿಗೆ ಊರ ಬಾವಿ ತೋರಸೂಣು. ಹೆಣ್ಣಮಕ್ಕಳು ಕೊಡ ತುಂಬೂದು, ತಲಿ ಮ್ಯಾಲ ಹೊರೂದು. ಈಗ ಅದು ಎಲ್ಲಿ ನೋಡಾಕ ಸಿಗ್ತದ್ರಿ."

ರಾತ್ರಿಯೂಟಕ್ಕೆ ಪುಂಡಿಪಲ್ಯ ಮಾಡಿದ್ದರು. ಗಂಡಸರು ಎರಡು ತುತ್ತು ತಿಂದಿರಲಿಲ್ಲ, ಚಂದಮ್ಮ ಶುರು ಮಾಡಿದಳು.

"ನಳಕ್ಕ ಯಾರಾರ ಕೈ ಹಚ್ಚಿದ್ರ ಕೈ ಮುರೀತೇನಿ."

"ಯವ್ವಾ, ನಳ ಎಲ್ಲೂ ಹೋಗಂಗಿಲ್ಲ. ಹಿತ್ತಲಿಗೆ ಹೋಗ್ತದ ಅಷ್ಟ."

"ಅದು ಎದುರಿಗೇ ಇರಬೇಕು. ಹೋಗೂವರು ಬರೂವರು ನೋಡಬೇಕು ಅಂತನ ನಾ ಎದುರಿಗೆ ಹಾಕಿಸೇನಿ. ಮತ್ತ ಆ ಬಾವಿ ಕೆಳಗ ನಾ ನಿಂದ್ರಂಗಿಲ್ಲ."

"ನಿಂದ್ರು ಅಂದವರು ಯಾರು? ಕೊಡ ತುಂಬು ಅಂದೇನಿ."

"ಎರಡೂ ಒಂದ."

ಸತೀಶನಿಗೆ ಎರಡೂ ಒಂದು ಹೇಗಾಗುತ್ತದೆಂದು ತಿಳಿಯಲಿಲ್ಲ. ಅವನು ನಡೆಯಲು ಕಲಿಯುವ ಹೊತ್ತಿಗೆ ಓಣಿಗೆ ಕೈಪಂಪು ಬಂದಿತ್ತು. ಅದಕ್ಕೂ ಮೊದಲು ಚಂದಮ್ಮ ಖಣಿಯಿಂದ ಊರ ಬಾವಿಗೆ ಹೋಗಿ ಕಟ್ಟೆಯ ಕೆಳಗೆ ಕೊಡ ಇಟ್ಟುಕೊಂಡು ನಿಲ್ಲಬೇಕಿತ್ತು. ಕಟ್ಟೆ ಹತ್ತುವಂತಿರಲಿಲ್ಲ, ಹಗ್ಗ ಮುಟ್ಟುವಂತಿರಲಿಲ್ಲ. ಮೇಲಿನವರು ಯಾರಾದರೂ ಬಂದು, ನೀರು ಸೇದಿ, ಮೇಲಿನಿಂದ ಸುರಿದರೆ ಕೊಡ ತುಂಬುತ್ತಿತ್ತು. ಬರದಿದ್ದರೆ ಇಲ್ಲ. ಇದನ್ನೆಲ್ಲ ಅವಳು ಮಗನಿಗೆ ಎಂದೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ತಾಟು ಎತ್ತಿಕೊಂಡು ಎದ್ದಳು.

"ನಾಳಿಯಿಂದ ನಿನ್ನ ಮಂದಿಗೆ ನಾ ರೊಟ್ಟಿ ಬಡಿಯಂಗಿಲ್ಲ," ಎಂದಳು.

ಹೇಳಿದಂತೆ ಮಾಡಿದಳು. ನಾಲ್ಕು ದಿನ ಸತೀಶ ಜೇವರ್ಗಿಯ ಖಾನಾವಳಿಯಿಂದ ರೊಟ್ಟಿ ತಂದ. ಮಷೀನಿನ ರೊಟ್ಟಿ, ಬಟ್ಟೆಯ ಹಾಗೆ ಮಡಚಿದರೂ ಮುರಿಯದು. ಬಂದವರು ಮೂಸಿ ನೋಡಿ ಇಟ್ಟರು. ಐದನೆಯ ದಿನ ಮಹಾನಂದಾ ಬೆಳಗ್ಗೆ ಐದಕ್ಕೆ ಎದ್ದು ಮೂವತ್ತು ರೊಟ್ಟಿ ಬಡಿದು ಕೆಲಸಕ್ಕೆ ಹೋದಳು. ಸಂಜೆ ಬಂದು ಮತ್ತೆ ಮೂವತ್ತು ಬಡಿದು, ಗೋಡೆಗೊರಗಿ ಕೂತಳು.

"ಅತ್ತಿ, ನಿಮ್ಮ ಸಿಟ್ಟು ನಿಮ್ಮ ಮಗನ ಮ್ಯಾಲ. ಬೀಳಾಕತ್ತಿದ್ದು ನನ್ನ ಬೆನ್ನ ಮ್ಯಾಲ," ಎಂದಳು.

ಸೊಸೆಯೇ ದಾರಿ ಹುಡುಕಿದಳು. ನಳ ಒಡೆಯುವುದು ಬೇಡ, ಮುಂದೆ ತೊಗರಿಕಟ್ಟಿಗೆಯ ತಡಿಕೆ ಕಟ್ಟಿದರಾಯಿತು. ಬಾವಿಗೆ ತಾನು ಹೋಗುತ್ತೇನೆ, ಅತ್ತೆ ಹೋಗುವುದು ಬೇಡ, ಮೊದಲಿನಂತೆ ರೊಟ್ಟಿ ಬಡಿದರೆ ಸಾಕು. ಸತೀಶ ಆ ಸಂಜೆಯೇ ತಡಿಕೆ ಕಟ್ಟಿದ. ಮರುದಿನದಿಂದ ಚಂದಮ್ಮ ತನ್ನ ನಳದ ನೀರಿಗೆ ಆಚೆ ಈಚೆ ನೋಡಿ, ತಡಿಕೆ ಸರಿಸಿ, ಬಗ್ಗಿ ಒಳಗೆ ಹೋಗಬೇಕಾಯಿತು.

"ಕದ್ದ ಮಾಲು ಇಟ್ಟಂಗ ಇಟ್ಟಾನ," ಎಂದಳು ಬೀದಿಯಲ್ಲಿ ಹೊರಟಿದ್ದ ಓಣಿಯ ಗೆಳತಿ ಕುಲಸುಮಬಿಗೆ.

"ನಿನ್ನ ನಳಕ್ಕ ಬುರ್ಖಾ ಬಂತು ನೋಡು, ಚಂದವ್ವ," ಎಂದು ಕುಲಸುಮಬಿ ನಗುತ್ತ ಹೋದಳು.

ಅಜಯಕುಮಾರ ಕಳಿಸಿದ ಮೊದಲ ತಂಡ ಗುರುವಾರ ಮಧ್ಯಾಹ್ನ ಬಂತು. ತಂಡವೆಂದರೆ ಒಂದೇ ಮನೆಯವರು. ಸೊಲ್ಲಾಪುರದ ಡಾಕ್ಟರು ಶ್ರೀನಿವಾಸ, ಅವರ ಮಗಳು ವೃಂದಾ, ಡಾಕ್ಟರ ಮುದಿ ತಾಯಿ. ಇವರು ಫೋನಿನಲ್ಲಿ ಬರೆದದ್ದನ್ನು ಸಾವಿರಾರು ಮಂದಿ ಓದುತ್ತಾರೆ, ಇವರು ಚೊಲೊ ಬರೆದರೆ ಯುಗಾದಿಯವರೆಗೂ ಗವಿ ಖಾಲಿ ಇರುವುದಿಲ್ಲ, ಇಲ್ಲದಿದ್ದರೆ ತನ್ನ ಕೈಲಿ ಆಗದು ಎಂದು ಅಜಯಕುಮಾರ ಹೇಳಿದ್ದ. ಸತೀಶನಿಗೆ ಗಾಣಗಾಪುರದ ಮೆಟ್ಟಿಲ ಕೆಳಗಿನ ಹಾಸಿಗೆ ಕಣ್ಣ ಮುಂದೆ ಬಂದಿತ್ತು.

ತಾಯಿ ಕಾರಿನಿಂದ ಇಳಿಯುವಾಗ ಕೋಲಿಗಿಂತ ಮೊದಲು ಪಾದ ಕಂಡಿತು. ಆ ಪಾದವನ್ನು ಚಂದಮ್ಮ ಗುರುತಿಸಿದಳು. ಎಷ್ಟು ವರ್ಷ ಕೆಳಗೆ ನಿಂತು ನೋಡಿದ್ದಳು ಅದನ್ನು. ಕುಲಕರ್ಣಿ ವಾಡೆಯ ಲೀಲಾಬಾಯಿ. ವಾಡೆ ಮಾರಿ ಊರು ಬಿಟ್ಟು ಮೂವತ್ತೈದು ವರ್ಷವಾಗಿತ್ತು.

"ಯಾರು, ಚಂದಿ ಏನ?" ಎಂದರು ಲೀಲಾಬಾಯಿ ಕನ್ನಡಕ ಏರಿಸಿ. "ಎಷ್ಟು ಮುದುಕಿ ಆಗಿಯಲ್ಲ. ನಿಮ್ಮದಾ ಇದು ಹೋಟೆಲು? ಶ್ರೀನಿವಾಸಾ, ಇವರು ಇದರಾಗ ಇರ್ತಿದ್ರು ನೋಡು. ಎಷ್ಟು ತಂಪ ಅದ ಇಲ್ಲೆ. ಪುಣ್ಯವಂತರು."

"ಹೌದ್ರಿ ಬಾಯಾರ," ಎಂದಳು ಚಂದಮ್ಮ. "ಆಗ ಬಾಡಗಿ ಇರಲಿಲ್ಲ."

ಲೀಲಾಬಾಯಿ ಊಟಕ್ಕೆ ಕೂಡಲಿಲ್ಲ. ಗುರುವಾರದ ಉಪವಾಸ ಎಂದರು. ತಾವೇ ತಂದ ಬಾಳೆಹಣ್ಣು ತಿಂದು, ತಾವೇ ತಂದ ಬಾಟಲಿಯ ನೀರು ಕುಡಿದರು. ಡಾಕ್ಟರು ಐದು ರೊಟ್ಟಿ ತಿಂದು, ಶೇಂಗಾ ಹಿಂಡಿ ಮತ್ತೆ ಹಾಕಿಸಿಕೊಂಡರು. ಶುಕ್ರವಾರ ಬೆಳಗ್ಗೆ ಚಂದಮ್ಮ ತಾನೇ ಹೋಗಿ ಊಟಕ್ಕೆ ಕರೆದಳು.

"ಶುಕ್ರವಾರಾನೂ ನನಗ ಉಪವಾಸನ," ಎಂದರು ಲೀಲಾಬಾಯಿ.

"ಆಜಿ, ಮನ್ಯಾಗ ನೀ ಶುಕ್ರವಾರ ಊಟ ಮಾಡ್ತೀಯಲ್ಲ?" ಎಂದಳು ವೃಂದಾ ಫೋನಿನಿಂದ ತಲೆ ಎತ್ತಿ.

"ನೀ ಸುಮ್ಮನಿರು ಪುಟ್ಟಿ."

ಚಂದಮ್ಮ ಹಿಂದಿರುಗಿ ಬಂದು ಒಲೆಯ ಮುಂದೆ ಕೂತಳು. "ನಾ ಮಾಡಿದ್ದ ಉಣ್ಣಾಕ ಬರಂಗಿಲ್ಲ," ಎಂದಳು ಸೊಸೆಗೆ. "ನಾ ಹಡದ ಜಾಗಾದಾಗ ಮಲಗಾಕ ಬರ್ತದ. ಗಾದಿ ಹಾಕಿ ಕೊಟ್ರ ಎಲ್ಲಾ ಶುದ್ಧ ಆಗ್ತದ ನೋಡು."

ಅಂದು ಸಂಜೆ ನಾಲ್ಕಕ್ಕೆ ಬಾವಿಯ ಕಾರ್ಯಕ್ರಮ. ಸತೀಶ ಊರ ಬಾವಿಯ ಹೂಳು ತೆಗೆಸಿ, ಹಗ್ಗಕ್ಕೆ ಹೊಸ ಗಡಗಡೆ ಹಾಕಿಸಿ, ಕಟ್ಟೆಗೆ ಚೆಂಡುಹೂವಿನ ಸರ ಬಿಟ್ಟಿದ್ದ. ಮೂರಕ್ಕೆ ಮಹಾನಂದಾಳ ಫೋನು ಬಂತು. ಮೇಲಿನ ಅಧಿಕಾರಿ ತಪಾಸಣೆಗೆ ಬಂದಿದ್ದಾರೆ, ಆರರ ತನಕ ಬಿಡುವಂತಿಲ್ಲ.

ಸತೀಶ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಯವ್ವಾ, ಒಂದ ಒಂದು ದಿನ. ಕೊಡ ಹಿಡಕೊಂಡು ನಿಂತ್ರ ಸಾಕು. ಮತ್ತ ಎಂದೂ ಕೇಳಂಗಿಲ್ಲ. ನಾ ಆ ಲಾಡ್ಜಿಗೆ ತಿರುಗಿ ಹೋಗಬೇಕೇನು, ಹೇಳು."

ಮೂವತ್ತೇಳು ವರ್ಷದ ಮಗ. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಚಂದಮ್ಮ ತಾಮ್ರದ ಕೊಡ ಎತ್ತಿಕೊಂಡಳು.

ಬಾವಿಯ ಹತ್ತಿರ ವೃಂದಾ ಫೋನು ಹಿಡಿದು ಸಿದ್ಧವಾಗಿದ್ದಳು. ಹುಲೆಪ್ಪ ರುಮಾಲು ಸುತ್ತಿ ಬೇವಿನ ಬುಡಕ್ಕೆ ಕೂತಿದ್ದ. ಲೀಲಾಬಾಯಿ ಮಗನ ಕೈ ಹಿಡಿದು ಮೂರು ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ನಿಂತರು, ಎಳೆಯ ಹುಡುಗಿಯ ಹಾಗೆ ಸೆರಗು ಸಿಕ್ಕಿಸಿದರು. ಡಾಕ್ಟರು ಹಗ್ಗಕ್ಕೆ ಕೈ ಕೊಟ್ಟರು. ಬಿಂದಿಗೆ ಮೇಲೆ ಬಂತು.

"ಹಿಡಿ ಚಂದಿ," ಎಂದರು ಲೀಲಾಬಾಯಿ.

ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ಮಾತು ತಾನಾಗಿ ಬಂತು. ಚಂದಮ್ಮನ ಕೈಗಳೂ ತಾವಾಗಿ ಮೇಲೆದ್ದು, ಕೊಡವನ್ನು ಎದೆಯ ಮಟ್ಟಕ್ಕೆ ಹಿಡಿದವು. ಬಿಂದಿಗೆ ಕೊಡಕ್ಕೆ ತಾಗದಂತೆ ಒಂದು ಮೊಳ ಮೇಲಿನಿಂದ ನೀರು ಬಿತ್ತು. ಆ ಒಂದು ಮೊಳವನ್ನು ಲೀಲಾಬಾಯಿ ಮೂವತ್ತೈದು ವರ್ಷದ ಮೇಲೂ ಮರೆತಿರಲಿಲ್ಲ. ನೀರು ಹಾರಿ ಚಂದಮ್ಮನ ಮೊಣಕೈಗೆ ಹತ್ತಿತು, ರವಿಕೆಯೊಳಗೆ ಇಳಿಯಿತು.

"ಎಷ್ಟು ಛಂದ ಅದ," ಎಂದಳು ವೃಂದಾ. "ಇನ್ನೊಮ್ಮೆ ಸುರಿ ಆಜಿ. ಅಜ್ಜಿ, ಕೊಡ ಹಿಡದು ನೀವೂ ಸ್ವಲ್ಪ ನಗ್ರಿ."

"ತಡೀರಿ," ಎಂದಳು ಚಂದಮ್ಮ.

ಕೊಡವನ್ನು ನೆಲಕ್ಕಿಟ್ಟಳು. ಸತೀಶ ಕಣ್ಸನ್ನೆ ಮಾಡಿದ, ನೋಡಲಿಲ್ಲ. ಮೂರು ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ಬಂದಳು. ಲೀಲಾಬಾಯಿ ಒಂದು ಹೆಜ್ಜೆ ಹಿಂದೆ ಸರಿದರು. ಚಂದಮ್ಮ ಹಗ್ಗ ತೆಗೆದುಕೊಂಡು, ಬಿಂದಿಗೆ ಬಿಟ್ಟು, ನೀರು ಸೇದಿದಳು. ಐವತ್ತೆಂಟರ ಹೆಂಗಸು, ಕಲ್ಲು ಹೊತ್ತ ತೋಳು. ಡಾಕ್ಟರಿಗಿಂತ ಬೇಗ ಸೇದಿದಳು.

"ಈಗ ನೀವು ಇಳೀರಿ ಬಾಯಾರ," ಎಂದಳು. "ಕೆಳಗ ಕೊಡ ಅದ. ಹಿಡೀರಿ, ನಾ ಸುರಿತೇನಿ. ತಂಗೀ, ಇದನ್ನೂ ಫೋಟೋ ತಕ್ಕೊ."

ವೃಂದಾ ಫೋನು ಕೆಳಗಿಳಿಸಲೋ ಬೇಡವೋ ತಿಳಿಯದೆ ಅಪ್ಪನ ಮುಖ ನೋಡಿದಳು. ಡಾಕ್ಟರು ಚೆಂಡುಹೂವು ನೋಡುತ್ತಿದ್ದರು.

"ನನಗ ಉಪವಾಸ ಅದಲ್ಲ," ಎಂದರು ಲೀಲಾಬಾಯಿ.

"ನೀರು ಹಿಡಿಯಾಕೂ ಉಪವಾಸ ಅಡ್ಡ ಬರ್ತದ ಏನ್ರಿ?"

ಲೀಲಾಬಾಯಿ ಇಳಿಯಲಿಲ್ಲ. ಚಂದಮ್ಮ ಹತ್ತು ಎಣಿಸುವಷ್ಟು ಹೊತ್ತು ಕಾದಳು, ಆಮೇಲೆ ಬಿಂದಿಗೆಯನ್ನು ಕಟ್ಟೆಯ ಮಗ್ಗುಲಲ್ಲಿ ದನ ನೀರು ಕುಡಿಯುವ ಕಲ್ಲಬಾನಿಗೆ ಸುರಿದು, ಇಳಿದು, ಮನೆಯ ಕಡೆ ನಡೆದಳು. ಅಂಗಳಕ್ಕೆ ಬಂದವಳೇ ತಡಿಕೆಗೆ ಕೈ ಹಾಕಿ ಕಿತ್ತಳು. ಹುರಿ ಗಟ್ಟಿ ಕಟ್ಟಿದ್ದ ಮಗ. ಕುಡುಗೋಲು ತಂದು ಕೊಯ್ದಳು.

ಸತೀಶ ಬರುವಾಗ ಮುಖ ಕಪ್ಪಿಟ್ಟಿತ್ತು. ಹಿಂದೆ ಹುಲೆಪ್ಪ ಕುಂಟುತ್ತ ಬಂದ.

"ಮರ್ಯಾದಿ ಕಳದಿ," ಎಂದ ಸತೀಶ.

"ಯಾರದು?"

"ಅಷ್ಟು ಹೊಟ್ಟ್ಯಾಗ ಇಟ್ಟುಕೊಂಡಿದ್ರ ಮೊದಲ ಹೇಳಬೇಕಿಲ್ಲೇನು? ಹಿಂದ ಹಂಗ ಇತ್ತು ಅನ್ನೂದು ನನಗೂ ಗೊತ್ತದ. ಪುಸ್ತಕದಾಗ ಓದೇನಿ. ನೀನೂ ನಿಂತಿದ್ದಿ, ಈಕಿ ಮುಂದ ನಿಂತಿದ್ದಿ ಅಂತ ನನಗ ಹ್ಯಾಂಗ ತಿಳೀಬೇಕು?"

"ನೀ ಕೇಳಿದ್ದು ರೊಟ್ಟಿ ಎಷ್ಟು ಅಂತ. ನೀರು ಹ್ಯಾಂಗ ತರ್ತಿದ್ದಿ ಅಂತ ಎಂದರ ಕೇಳಿಯೇನು? ನಿಮ್ಮಪ್ಪನ್ನ ಕೇಳಿದಿ. ಅಂವ ಋಷಿ ಕಥಿ ಹೇಳಿದ."

ಹುಲೆಪ್ಪ ನಳದ ಕಟ್ಟೆಯ ಮೇಲೆ ಕೂತು ರುಮಾಲು ಬಿಚ್ಚತೊಡಗಿದ. ಹತ್ತು ಮೊಳ ಬಿಚ್ಚುವುದಕ್ಕೆ ಹೊತ್ತು ಹಿಡಿಯುತ್ತದೆ.

"ಬಾಯಾರು ಕೆಟ್ಟವರಲ್ಲ," ಎಂದ. "ಕೊಡ ತುಂಬ ಸುರೀತಿದ್ರು. ಆದರ ಉಂಡು, ಮಲಗಿ, ಎದ್ದು, ಮಾರಿ ತೊಳಕೊಂಡು ಬರ್ತಿದ್ರು. ಅಲ್ಲೀತನಕ ನಿಮ್ಮವ್ವ ಬಿಸಲಾಗ ನಿಂದ್ರತಿದ್ದಳು. ನೀ ಹೊಟ್ಟ್ಯಾಗಿದ್ದಿ. ಒಮ್ಮೆ ಅಲ್ಲೇ ಬಿದ್ದಳು. ಕೊಡ ಒಡೀತು. ನಾ ಖಣ್ಯಾಗ ಇದ್ದೆ, ಗುತ್ತೇದಾರ ಬಿಡಲಿಲ್ಲ."

ರುಮಾಲನ್ನು ಮಡಚದೆ ಮಗನ ಕೈಗೆ ಕೊಟ್ಟ. ಸತೀಶ ಅದನ್ನು ಹಿಡಿದು ನಿಂತ.

ಡಾಕ್ಟರ ಮನೆಯವರು ಊಟಕ್ಕೆ ನಿಲ್ಲದೆ ಹೊರಟರು. ಎರಡು ದಿನದ ಮೇಲೆ ಅವರು ಬರೆದದ್ದು ಫೋನಿನಲ್ಲಿ ಬಂತು. ಜಾಗ ಚೆನ್ನಾಗಿದೆ, ರೊಟ್ಟಿ ರುಚಿಯಾಗಿದೆ, ಆದರೆ ಇಲ್ಲಿನವರಿಗೆ ಅತಿಥಿಗಳ ಜೊತೆ ಹೇಗಿರಬೇಕೆಂಬ ಸಂಸ್ಕಾರವಿಲ್ಲ. ಮಹಾನಂದಾ ಓದಿ ಹೇಳಿದಳು. ಚಂದಮ್ಮ ಹಿಟ್ಟು ನಾದುತ್ತಲೇ ಕೇಳಿದಳು.

"ಯಾವಾಕಿ ಬರದಾಳ, ಉಪವಾಸದಾಕಿ ಏನು? ಎದಿ ಗಟ್ಟಿ ಅದ ಬಿಡು."

ಅಜಯಕುಮಾರ ಎರಡು ತಂಡ ರದ್ದು ಮಾಡಿದ. ಸತೀಶ ಐದು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಅಡುಗೆಮನೆಗೆ ಬಂದು ತಾನೇ ಬಡಿಸಿಕೊಂಡು ಉಣ್ಣುತ್ತಿದ್ದ, ತಾನೇ ತಾಟು ತೊಳೆಯುತ್ತಿದ್ದ. ಹಾಗೆಂದು ತಡಿಕೆಯನ್ನು ಮತ್ತೆ ಕಟ್ಟಲೂ ಇಲ್ಲ. ಆರನೆಯ ದಿನ ಬೆಳಗ್ಗೆ ಗ್ಯಾಸಿನ ಸಿಲಿಂಡರು ಮಲಗುವ ಕೋಣೆಯಿಂದ ಅಡುಗೆಮನೆಗೆ ಬಂದಿತ್ತು. ಯಾರು ತಂದರೆಂದು ಯಾರೂ ಕೇಳಲಿಲ್ಲ. ಮಹಾನಂದಾ ಮೂಗುತಿ ಬಿಚ್ಚಿ ಡಬ್ಬಿಯಲ್ಲಿಟ್ಟಳು.

ಶನಿವಾರ ವಿಜಯಪುರದಿಂದ ಒಂದು ಕಾರು ಬಂತು. ಅಡುಗೆಯ ನಡುವೆಯೇ ಸಿಲಿಂಡರು ಮುಗಿದು, ಚಂದಮ್ಮ ಅಂಗಳದ ಒಲೆ ಹಚ್ಚಿದ್ದಳು. ತೊಗರಿಕಟ್ಟಿಗೆ ಚಟಚಟ ಉರಿಯುತ್ತಿತ್ತು. ಒಂದು ವಾರದಿಂದ, ಒಲೆ ಹಚ್ಚಿದಾಗಲೆಲ್ಲ, ಆ ತಡಿಕೆಯನ್ನೇ ಮುರಿದು ಮುರಿದು ಒಲೆಗಿಡುತ್ತಿದ್ದಳು. ಕೊನೆಯ ಹಿಡಿ ಉಳಿದಿತ್ತು.

ಕಾರಿನಿಂದ ಇಳಿದ ಹೆಣ್ಣುಮಗಳು ಸುತ್ತ ನೋಡಿ, "ಫೋಟೋದಾಗ ಬಾವಿ ಇತ್ತಲ್ರಿ, ಎಲ್ಲೈತಿ?" ಎಂದು ಕೇಳಿದಳು.

ಸತೀಶ ತಾಯಿಯ ಕಡೆ ನೋಡಲಿಲ್ಲ. "ಬಾವಿ ಬಂದ್ ಅದರಿ," ಎಂದ. "ಕುಡಿಯೂ ನೀರು ಇಲ್ಲೇ ಅದ."

ಆಕೆ ಬಾಟಲಿಯ ಮುಚ್ಚಳ ತೆಗೆದು ಚಂದಮ್ಮನ ಕಡೆ ಚಾಚಿದಳು, ತುಂಬಿ ಕೊಡುವವರು ಇದ್ದೇ ಇರುತ್ತಾರೆ ಎನ್ನುವ ಹಾಗೆ. ಎಂಟು ವರ್ಷ ಲಾಡ್ಜಿನಲ್ಲಿದ್ದ ಸತೀಶನ ಕೈ ತಾನಾಗಿ ಮುಂದೆ ಹೋಯಿತು.

"ಬಿಡಲೇ," ಎಂದಳು ಚಂದಮ್ಮ. ರೊಟ್ಟಿ ಮಗುಚಿ ಹಾಕಿ, ಹಿಟ್ಟಿನ ಕೈಯಿಂದ ನಳ ತೋರಿಸಿದಳು. "ಎಡಕ್ಕ ತಿರುವ್ರಿ ಅಕ್ಕಾರ. ತಾನೇ ಬರ್ತದ. ಯಾರೂ ಸುರಿಯೂದು ಬ್ಯಾಡ."

ಹೆಣ್ಣುಮಗಳು ಒಂದು ಗಳಿಗೆ ನಿಂತಳು. ಆಮೇಲೆ ಸೆರಗು ಸರಿಮಾಡಿ, ಕಟ್ಟೆಯ ಮುಂದೆ ಬಗ್ಗಿ, ನಳ ತಿರುವಿದಳು.

ಚಂದಮ್ಮ ಕೊನೆಯ ಹಿಡಿ ತೊಗರಿಕಟ್ಟಿಗೆಯನ್ನು ಒಲೆಗೆ ನೂಕಿದಳು.

"ರೊಟ್ಟಿ ಎಷ್ಟು?" ಎಂದು ಮಗನನ್ನು ಕೇಳಿದಳು.

"ಹತ್ತು ಮಾಡು ಯವ್ವಾ," ಎಂದ ಅವನು.